ಫೋಮ್ ಹೊಡೆಯೋದು ಎಲ್ಲಿಗೆ?

ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಗೆ ಬರುವವರ ಬೇಡಿಕೆ ಬದಲಾಗುತ್ತದೆ. ಅಲ್ಲಿವರೆಗೆ ಪ್ರೈಮರ್, ಪುಟ್ಟಿ, ಸಿಂಕಿನ ಪೈಪು ಅನ್ನುತ್ತಿದ್ದವರು ಈಗ ಕೂಲರಿನ ಪಂಪು, ಕೂಲರಿನ ಹುಲ್ಲು, ಛತ್ತಿಗೆ ಬಳಿಯುವ ಬಿಳಿ ಬಣ್ಣ ಕೇಳುತ್ತಾರೆ. ಕಲಬುರಗಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ಬೇಸಿಗೆ ಬಂದದ್ದು ತಿಳಿಯಲು ಕ್ಯಾಲೆಂಡರ್ ಬೇಕಿಲ್ಲ. ಈಚೆಗೆ ಆ ಪಟ್ಟಿಗೆ ಹೊಸದೊಂದು ಸೇರಿದೆ.

"ಫೋಮ್ ಅದಾ ಏನ್ರೀ ಮಾಲಕ್ರೆ? ಮನಿ ತಂಪ ಮಾಡೋದು?"

ಹೀಗೆ ಕೇಳಿದವರು ಮೊಬೈಲ್ ತೆಗೆದು ವಿಡಿಯೋ ತೋರಿಸುತ್ತಾರೆ. ಬಿಳಿ ಮೇಲಂಗಿ, ಮುಖಕ್ಕೆ ದೊಡ್ಡ ಮಾಸ್ಕು ಹಾಕಿಕೊಂಡ ಒಬ್ಬ ಅಮೆರಿಕದವನು ಕತ್ತಲೆಯ ಸಂದಿಯಲ್ಲಿ ಮಲಗಿಕೊಂಡು ಗನ್ ಹಿಡಿದು ಏನೋ ಸಿಡಿಸುತ್ತಿರುತ್ತಾನೆ. ಸಿಡಿಸಿದ್ದು ಒಲೆ ಮೇಲಿನ ಹಾಲಿನಂತೆ ಕಣ್ಣೆದುರೇ ಉಕ್ಕಿ, ಅಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ನೋಡಿದವರಿಗೆ ಆಸೆಯಾಗುವುದು ಸಹಜ. ನಾನು ಅವರಿಗೆ ಹೇಳುವ ಮೊದಲ ಮಾತು, ಅವನು ಹೊಡೆಯುತ್ತಿರುವುದು ಛತ್ತಿಗಲ್ಲ, ಮನೆಯ ನೆಲದ ಕೆಳಗೆ ಎಂದು. ಎರಡನೆಯದು, ನನ್ನ ಅಂಗಡಿಯಲ್ಲಿರುವ 750 ಮಿ.ಲೀ. ಡಬ್ಬಿ ಆ ಕೆಲಸದ್ದಲ್ಲ ಎಂದು. ಈ ಡಬ್ಬಿ ಕಿಟಕಿ ಚೌಕಟ್ಟಿನ ಸಂದು, ಎ.ಸಿ. ಪೈಪು ಹಾಯುವ ತೂತು ತುಂಬಲಿಕ್ಕೆ. ಗಾಳಿಯ ತೇವ ಹೀರಿಕೊಂಡು ಗಟ್ಟಿಯಾಗುವ ಜಾತಿ ಅದು. ನಮ್ಮ ಮೇ ತಿಂಗಳ ಗಾಳಿಯಲ್ಲಿ ತೇವ ಎಲ್ಲಿಂದ ಬರಬೇಕು? ಮೊದಲು ಸಂದಿಗೆ ಒಂದಿಷ್ಟು ನೀರು ಚಿಮುಕಿಸಿರಿ ಎಂದು ಹೇಳಿ ಕಳಿಸುತ್ತೇನೆ.

ವಿಡಿಯೋದಲ್ಲಿರುವ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದ ಮೇಲೆ ನನ್ನ ತಲೆಯಲ್ಲಿ ಗಟ್ಟಿಯಾದದ್ದು ಒಂದೇ ವಿಚಾರ: ಫೋಮ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮನೆಯ ಯಾವ ಮಗ್ಗುಲಿಂದ ತೊಂದರೆ ಬರುತ್ತಿದೆ, ನೀರಿನ ಆವಿ ಯಾವ ಕಡೆಯಿಂದ ಬಂದು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಇವೆರಡನ್ನು ಕೇಳಬೇಕು.

ನಮ್ಮ ಮಗಳು ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಮೊಮ್ಮಗ ಹುಟ್ಟಿದಾಗ ನಾನು, ನನ್ನ ಹೆಂಡತಿ ಕೆಲವು ತಿಂಗಳು ಅಲ್ಲಿದ್ದೆವು. ಅವರು ಕೊಂಡದ್ದು ಹಳೆಯ ಕಟ್ಟಿಗೆ ಮನೆ. ಸುತ್ತ ಗಿಡ್ಡ ಗೋಡೆ ಎತ್ತಿ, ಅದರ ಮೇಲೆ ಜಂತಿ ಹಾಸಿ, ಜಂತಿಯ ಮೇಲೆ ಹಲಗೆಯ ನೆಲ. ಆ ನೆಲಕ್ಕೂ ಕೆಳಗಿನ ಮಣ್ಣಿಗೂ ನಡುವೆ ಮೂರು ಅಡಿಯಷ್ಟು ಖಾಲಿ ಜಾಗ. ಅದನ್ನು ಅಲ್ಲಿ ಕ್ರಾಲ್‌ಸ್ಪೇಸ್ ಅನ್ನುತ್ತಾರೆ. ಮನುಷ್ಯ ಎದ್ದು ನಿಲ್ಲುವ ಹಾಗಿಲ್ಲ, ಮೊಣಕಾಲೂರಿ ಸರಿಯಬೇಕು. ನೀರಿನ ಪೈಪು, ಕರೆಂಟಿನ ವೈರು, ಎ.ಸಿ. ಗಾಳಿ ಒಯ್ಯುವ ದಪ್ಪ ಕೊಳವೆಗಳು ಎಲ್ಲ ಅಲ್ಲೇ ಹಾಯುತ್ತವೆ. ಹೊರಗಿನಿಂದ ಒಂದು ಸಣ್ಣ ಬಾಗಿಲು. ನಮ್ಮಲ್ಲಾದರೆ ಅಂಥ ಜಾಗಕ್ಕೆ ಹಾವು ಸೇರಿಕೊಳ್ಳುತ್ತದೆ ಎಂದು ಹೆಂಡತಿ ಮೊದಲ ದಿನವೇ ತೀರ್ಪು ಕೊಟ್ಟಳು. ಅಲ್ಲಿಯೂ ಸೇರಿಕೊಳ್ಳುತ್ತವಂತೆ.

"ಅಪ್ಪಾ, ನೆಲದಾಗಿಂದ ಮುಗ್ಗಲ ವಾಸನಿ ಬರ್ಲತ್ತದ ನೋಡು" ಎಂದು ಮಗಳು ಹೇಳಿದ್ದು ಜುಲೈಯಲ್ಲಿ. ಚಳಿಗಾಲದಲ್ಲಿ ಅದೇ ನೆಲ ಕಾಲಿಡಲಾಗದಷ್ಟು ತಣ್ಣಗೆ. ನಾನು ಟಾರ್ಚು ಹಿಡಿದು ಕೆಳಗೆ ತೂರಿದೆ. ಜಂತಿಗಳ ನಡುವೆ ಗಾಜಿನ ನಾರಿನ ಗಾದಿ ತುರುಕಿದ್ದರು. ಅರ್ಧದಷ್ಟು ಕಳಚಿಕೊಂಡು ಜೋತು ಬಿದ್ದಿತ್ತು, ಮುಟ್ಟಿದರೆ ಒದ್ದೆ. ಜಂತಿಯ ಮೇಲೆ ಬೂಷ್ಟು ಹಿಡಿದ ಕಲೆಗಳು. ಎ.ಸಿ. ಕೊಳವೆಯ ಹೊರಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುತ್ತಲಿನ ಗಿಡ್ಡ ಗೋಡೆಯಲ್ಲಿ ಅಲ್ಲಲ್ಲಿ ಜಾಲರಿ ಹಾಕಿದ ಕಿಂಡಿಗಳಿದ್ದವು, ಗಾಳಿ ಆಡಲಿ ಅಂತ.

ಆ ಕಿಂಡಿಗಳದ್ದೇ ದೊಡ್ಡ ಕಥೆ. 150 ಚದರಡಿ ನೆಲಕ್ಕೆ 1 ಚದರಡಿ ಕಿಂಡಿ ಇರಬೇಕು ಎಂದು ಅಲ್ಲಿಯ ಕಟ್ಟಡ ನಿಯಮ ದಶಕಗಳ ಕಾಲ ಹೇಳುತ್ತ ಬಂತು. ಗಾಳಿ ಹಾಯ್ದರೆ ತೇವ ಒಣಗುತ್ತದೆ ಎಂಬ ಲೆಕ್ಕ. ಕೇಳಲಿಕ್ಕೆ ಸರಿಯಾಗಿಯೇ ಇದೆ, ನಾವೂ ಅದನ್ನೇ ನಂಬುತ್ತೇವೆ. ಆದರೆ ನಾರ್ತ್ ಕೆರೊಲಿನಾದ ಬೇಸಿಗೆ ನಮ್ಮ ಬೇಸಿಗೆಯಂಥದ್ದಲ್ಲ, ಮಂಗಳೂರಿನಂಥದ್ದು. 32 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದು ತೇವಾಂಶ ಶೇ 70 ಇದ್ದರೆ, ಆ ಗಾಳಿ 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಮುಟ್ಟಿದರೂ ಅಲ್ಲಿ ನೀರು ಕಟ್ಟುತ್ತದೆ. ನೆಲದ ಕೆಳಗಿನ ಮಣ್ಣು, ಗೋಡೆ, ಪೈಪು ಎಲ್ಲ ಅದಕ್ಕಿಂತ ತಣ್ಣಗೇ ಇರುತ್ತವೆ. ಹಾಗಾಗಿ ಒಣಗಿಸಲೆಂದು ಇಟ್ಟ ಕಿಂಡಿಯಿಂದಲೇ ನೀರು ಒಳಗೆ ಬರುತ್ತಿತ್ತು. ಅದೇ ರಾಜ್ಯದ ಪ್ರಿನ್ಸ್‌ವಿಲ್ ಎಂಬ ಊರಿನ 12 ಮನೆಗಳಲ್ಲಿ ಅಡ್ವಾನ್ಸ್‌ಡ್ ಎನರ್ಜಿ ಎಂಬ ಸಂಸ್ಥೆ ಕಿಂಡಿ ಇಟ್ಟದ್ದಕ್ಕೂ ಮುಚ್ಚಿದ್ದಕ್ಕೂ ಹೋಲಿಸಿ ಅಳತೆ ಮಾಡಿತು. ಮುಚ್ಚಿದವು ಒಣಗಿದ್ದವು, ಬಿಸಿ ಮಾಡುವ, ತಂಪು ಮಾಡುವ ವಿದ್ಯುತ್ತೂ ಕಡಿಮೆ ಬಿತ್ತು. ಆಮೇಲೆ ನಿಯಮಗಳೂ ಮುಚ್ಚಿದ ಕ್ರಾಲ್‌ಸ್ಪೇಸಿಗೆ ದಾರಿ ಬಿಟ್ಟವು.

ಮಗಳ ಮನೆಗೆ ಬಂದ ಇಬ್ಬರು ಗುತ್ತಿಗೆದಾರರು ಎರಡು ದಾರಿ ಹೇಳಿದರು. ಒಬ್ಬ, ನೆಲದ ಹಲಗೆಯ ಅಡಿಗೇ, ಜಂತಿಗಳ ನಡುವೆ ಫೋಮ್ ಹೊಡೆದುಬಿಡೋಣ ಎಂದ. ಇನ್ನೊಬ್ಬ, ನೆಲಕ್ಕೆ ಬೇಡ, ಸುತ್ತಲಿನ ಗಿಡ್ಡ ಗೋಡೆಯ ಒಳಮೈಗೆ ಹೊಡೆಯೋಣ, ಕಿಂಡಿ ಮುಚ್ಚೋಣ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಜೋಡಣೆಗೆಲ್ಲ ಟೇಪು ಹಚ್ಚೋಣ, ಆಗ ಆ ಜಾಗವೇ ಮನೆಯ ಒಳಗಿನದಾಗುತ್ತದೆ ಎಂದ. ಮೊದಲನೆಯವನ ರೇಟು ಕಡಿಮೆ. ಅಳಿಯನಿಗೆ ಅದೇ ಹಿಡಿಸಿತ್ತು.

ನಾನು ಎರಡನೆಯವನ ಪರ ನಿಂತೆ. ಕಟ್ಟಿಗೆಗೆ ಒಮ್ಮೆ ಗಟ್ಟಿ ಫೋಮ್ ಅಂಟಿದರೆ ಅದನ್ನು ಕೆರೆದು ತೆಗೆಯುವುದು ಶಿಕ್ಷೆ. ಮೇಲೆ ಅಡುಗೆಮನೆಯ ಪೈಪು ಸೋರಿದರೆ ನೀರು ಹಲಗೆಗೂ ಫೋಮಿಗೂ ನಡುವೆ ಕೂತು, ಕೆಳಗಿದ್ದವರಿಗೆ ಕಾಣದೆಯೇ ಜಂತಿಯನ್ನು ಕೊಳೆಸುತ್ತದೆ. ವೈರು, ಪೈಪು ಎಲ್ಲ ಹೂತುಹೋಗುತ್ತವೆ. ಗೋಡೆಗೆ ಹೊಡೆದರೆ ಜಂತಿ ಬರಿಮೈಯಲ್ಲಿ ಇರುತ್ತದೆ, ಟಾರ್ಚು ಬಿಟ್ಟು ನೋಡಬಹುದು. ಒಳಗಿನ ತೇವ ತೆಗೆಯಲು ಒಂದು ಯಂತ್ರ ಇಡಬೇಕು ಅಥವಾ ಮನೆಯ ಎ.ಸಿ. ಗಾಳಿಯನ್ನೇ ಸ್ವಲ್ಪ ಅಲ್ಲಿಗೂ ಬಿಡಬೇಕು, ಅದೊಂದು ಖರ್ಚು. ಗೆದ್ದಲಿನದೂ ಒಂದು ತಕರಾರು. ಗೆದ್ದಲು ಫೋಮ್ ತಿಂದು ಬದುಕುವುದಿಲ್ಲ, ಆದರೆ ಅದರೊಳಗೆ ಸುರಂಗ ಕೊರೆದು ಯಾರಿಗೂ ಕಾಣದಂತೆ ಕಟ್ಟಿಗೆಗೆ ಏರುತ್ತದೆ. ಅದಕ್ಕೇ ಅಲ್ಲಿ ಗೋಡೆಯ ಮೇಲುತುದಿಯಲ್ಲಿ ಮೂರು ಇಂಚು ಫೋಮ್ ಹೊಡೆಯದೆ ಖಾಲಿ ಬಿಡುತ್ತಾರೆ, ವರ್ಷಕ್ಕೊಮ್ಮೆ ಬರುವ ತಪಾಸಣೆಯವನು ಗೆದ್ದಲಿನ ಮಣ್ಣಿನ ದಾರಿ ಹುಡುಕಲಿ ಎಂದು. ಈ ಮೂರು ಇಂಚಿನ ಪಟ್ಟಿ ನೋಡಿ ನನಗೆ ಆ ಕೆಲಸದವರ ಮೇಲೆ ಗೌರವ ಬಂತು. ಪೂರ್ತಿ ಮುಚ್ಚಿ ಬಿಲ್ಲು ಮಾಡುವುದು ಸುಲಭವಿತ್ತು.

ಕೆಲಸದ ದಿನ ಕೂಸು, ಬಾಣಂತಿ ಸಮೇತ ನಾವೆಲ್ಲ ಮನೆ ಬಿಟ್ಟು ಅಳಿಯನ ಗೆಳೆಯನ ಮನೆಗೆ ಹೋದೆವು. ಹೊಡೆದ ಮೇಲೆ ಕಡಿಮೆಯೆಂದರೆ 24 ಗಂಟೆ ಒಳಗೆ ಕಾಲಿಡಬಾರದು. ಎರಡು ಡ್ರಮ್ಮಿನಲ್ಲಿ ಎರಡು ರಸಾಯನ: ಒಂದರಲ್ಲಿ ಐಸೊಸಯನೇಟ್, ಇನ್ನೊಂದರಲ್ಲಿ ಪಾಲಿಯಾಲ್ ಮತ್ತು ಅದರ ಜೊತೆಯ ಸಾಮಾನುಗಳು. ಬಿಸಿ ಮಾಡಿದ ಪೈಪಿನಲ್ಲಿ ಬೇರೆಬೇರೆಯಾಗಿ ಬಂದು ಗನ್ನಿನ ಬಾಯಲ್ಲಿ ಸಮಸಮ ಕೂಡುತ್ತವೆ. ಕೂಡಿದ ಕ್ಷಣಗಳಲ್ಲೇ ಉಬ್ಬುತ್ತದೆ, ಗಟ್ಟಿ ಜಾತಿಯದು ಸುಮಾರು 30 ಪಟ್ಟು, ಮೆದು ಜಾತಿಯದು 100 ಪಟ್ಟಿನಷ್ಟು. ಭೋಪಾಲದಲ್ಲಿ 1984ರಲ್ಲಿ ಸೋರಿದ್ದು ಮಿಥೈಲ್ ಐಸೊಸಯನೇಟ್. ಅದು ಇದೇ ಮನೆತನದ ಇನ್ನೊಂದು ಕುಡಿ, ಬೇಗ ಆವಿಯಾಗುವಂಥದ್ದು. ಫೋಮಿನಲ್ಲಿರುವ ಐಸೊಸಯನೇಟ್, ಅಂದರೆ ಎಂ.ಡಿ.ಐ., ಹಾಗೆ ಸುಲಭವಾಗಿ ಆವಿಯಾಗುವುದಿಲ್ಲ. ಆದರೆ ಗನ್ನಿನಿಂದ ಸಿಡಿಸುವಾಗ ಮಂಜಾಗಿ ಹರಡುತ್ತದೆ, ಆ ಮಂಜು ಎದೆಗೆ ಹೋದರೆ ಕೆಲವರಿಗೆ ದಮ್ಮು ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಆಮೇಲೆ ಚೂರು ವಾಸನೆಗೂ ಉಸಿರು ಕಟ್ಟುತ್ತದೆ. ಅದಕ್ಕೇ ಆ ಮಾಸ್ಕು, ಆ ಮೇಲಂಗಿ. ಸರಿಯಾಗಿ ಬೆರೆತು ಗಟ್ಟಿಯಾದ ಮೇಲೆ ಫೋಮ್ ಸುಮ್ಮನಿರುತ್ತದೆ. ಪ್ರಮಾಣ ತಪ್ಪಿದರೆ ತಿಂಗಳುಗಟ್ಟಲೆ ಮೀನಿನ ವಾಸನೆ ಬಿಡುವುದೂ ಉಂಟು. ನಮ್ಮಲ್ಲಿ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಇದೇ ಕೆಲಸ ಮಾಡುವ ಹುಡುಗರನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಮುಚ್ಚಿದ ಜಾಗದ ಗಾಳಿಯ ಬಗ್ಗೆ ನಮ್ಮ ಹಳ್ಳಿಯವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಸೇಡಂ ತಾಲ್ಲೂಕಿನ ನಮ್ಮೂರ ಮನೆಯಲ್ಲಿ ಹಗೇವು ಇತ್ತು. ನೆಲದಲ್ಲಿ ಅಗೆದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಮೈಗೆ ಕಣಿಕೆ, ಹುಲ್ಲು ಕೊಟ್ಟು ಜೋಳ ಸುರಿದು, ಮೇಲೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸಿದ ಮೇಲೆ ಹುಳಕ್ಕೆ ಬದುಕಲು ಏನೂ ಉಳಿಯುವುದಿಲ್ಲ, ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವ ದಿನ ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅವಸರ ಮಾಡಿದವರು ಸತ್ತದ್ದಿದೆ. ಹಗೇವಿಗೆ ಎತ್ತರದ ಜಾಗ ಹುಡುಕುತ್ತಿದ್ದರು, ಪಕ್ಕದಿಂದ ನೀರು ಬಸಿದರೆ ಚೀಲಗಟ್ಟಲೆ ಜೋಳ ಹುಳಿಯುತ್ತಿತ್ತು. ಅಂದರೆ ಮುಚ್ಚುವ ಮೊದಲು ನೀರಿನ ದಾರಿ ಕಟ್ಟಬೇಕು ಎಂಬ ಮಾತು ಕೆರೊಲಿನಾದ ಗುತ್ತಿಗೆದಾರನ ಬಾಯಿಂದ ಬಂದಾಗ ನನಗೆ ಹೊಸದೆನಿಸಲಿಲ್ಲ. ಅವನೂ ಫೋಮಿಗಿಂತ ಮೊದಲು ಮಾಡಿಸಿದ್ದು ಮನೆಯ ಸುತ್ತ ಮಳೆನೀರು ಹೊರಕ್ಕೆ ಹರಿಯುವಂತೆ ಮಣ್ಣಿನ ಇಳಿಜಾರು.

ಇನ್ನು ನಮ್ಮ ಮನೆಗಳಿಗೆ ಬರೋಣ.

ಇಲ್ಲಿ ನೆಲದ ಕೆಳಗೆ ಖಾಲಿ ಜಾಗ ಇರುವುದಿಲ್ಲ. ಪಾಯ ಎತ್ತಿ ಒಳಗೆ ಗರಸು ತುಂಬಿ, ನೀರು ಹೊಡೆದು ದಮ್ಮಸ್ಸು ಮಾಡಿ, ಅದರ ಮೇಲೆ ಫರ್ಸಿ ಕೂಡಿಸುತ್ತೇವೆ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಅದಕ್ಕೆ ಎರೆ ತೆಗೆದು ಗರಸು ತುಂಬದೆ ಗೌಂಡಿ ಮುಂದೆ ಹೋಗುವುದಿಲ್ಲ. ಹೀಗೆ ನೆಲ ನೇರ ಭೂಮಿಗೆ ಅಂಟಿಕೊಂಡಿರುತ್ತದೆ. ಹತ್ತಡಿ ಆಳದ ಮಣ್ಣಿಗೆ ಬೇಸಿಗೆಯೂ ಗೊತ್ತಾಗುವುದಿಲ್ಲ, ಚಳಿಗಾಲವೂ ಗೊತ್ತಾಗುವುದಿಲ್ಲ, ವರ್ಷದ ಸರಾಸರಿ ಬಿಸಿಯ ಹತ್ತಿರ ನಿಂತಿರುತ್ತದೆ. ನಮ್ಮಲ್ಲಿ ಅದು 27 ಡಿಗ್ರಿಯ ಆಸುಪಾಸು. ಹೊರಗೆ 43 ಇರುವಾಗ ಕೆಳಗಿನ ಆ ತಂಪಿನ ಒಂದು ಪಾಲು ಫರ್ಸಿಯ ಮೂಲಕ ನಮಗೆ ಸಿಗುತ್ತದೆ. ಶಹಾಬಾದ್, ವಾಡಿ, ಚಿತ್ತಾಪುರದ ಗಣಿಗಳ ಸುಣ್ಣಕಲ್ಲಿನ ಈ ಹಾಸು ಕಾಗಿಣಾ, ಭೀಮಾ ತೀರದ ಪುಣ್ಯ. ಮೇ ತಿಂಗಳ ಮಧ್ಯಾಹ್ನ ಊಟ ಮುಗಿಸಿ ಅಂಗಿ ಬಿಚ್ಚಿ ಪಡಸಾಲೆಯ ಬರಿ ಫರ್ಸಿಯ ಮೇಲೆ ಬೆನ್ನು ಚಾಚಿದವರಿಗೆ ನಾನು ಇದನ್ನು ವಿವರಿಸಬೇಕಿಲ್ಲ. ಅಂಥ ನೆಲದ ಕೆಳಗೆ ಫೋಮ್ ಕೊಟ್ಟರೆ ಮನೆಯೊಳಗೆ ಪುಕ್ಕಟೆ ಸಿಗುವ ಒಂದೇ ತಂಪನ್ನೂ ಕಡಿದು ಹಾಕಿದಂತೆ. ಹೊಸ ಲೇಔಟಿನ ಒಬ್ಬರು ಗ್ರಾನೈಟಿನ ಕೆಳಗೆ ಥರ್ಮಕೋಲ್ ಹಾಸಿಸಲಾ ಎಂದು ಕೇಳಿದರು. "ಬ್ಯಾಡ್ರಿ ಸರ, ರೊಕ್ಕ ಹೆಚ್ಚಾಗಿದ್ರ ಮ್ಯಾಲ ಹಾಕ್ಸ್ರಿ" ಎಂದೆ.

ಮಳೆಗಾಲದಲ್ಲಿ, ನಾಲ್ಕಾರು ದಿನ ಜಿಟಿಜಿಟಿ ಹಿಡಿದಾಗ, ಇದೇ ಫರ್ಸಿ ಬೆವರುತ್ತದೆ. ನೆಲದಿಂದ ನೀರು ಏರಿತು ಎಂದು ಜನ ವಾಟರ್‌ಪ್ರೂಫಿಂಗ್ ಕೇಳಿಕೊಂಡು ಬರುತ್ತಾರೆ. ಬಹಳ ಸಲ ಅದು ಮೇಲಿನ ಗಾಳಿಯ ನೀರೇ. ಮಗಳ ಮನೆಯ ಕೆಳಗೆ ನಡೆಯುತ್ತಿದ್ದ ಆಟವೇ ಇಲ್ಲಿ ಕೆಲವು ದಿನದ ಮಟ್ಟಿಗೆ ನಡೆಯುತ್ತದೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಒಣಗುತ್ತದೆ. ಮೇ ತಿಂಗಳಲ್ಲಿ ಆ ಭಯವೇ ಇಲ್ಲ. 42 ಡಿಗ್ರಿ, ಶೇ 20 ತೇವಾಂಶದ ಗಾಳಿ ನೀರು ಕಟ್ಟಬೇಕಾದರೆ 14 ಡಿಗ್ರಿಯ ವಸ್ತು ಬೇಕು. ಕಲಬುರಗಿಯಲ್ಲಿ ಫ್ರಿಜ್ಜಿನ ಹೊರಗೆ ಅಂಥದ್ದು ಎಲ್ಲಿದೆ? ಅದೇ ಒಣ ಗಾಳಿಯ ದೆಸೆಯಿಂದ ನಮ್ಮ ಕೂಲರ್‌ಗಳು ಕೆಲಸ ಮಾಡುತ್ತವೆ.

ನಮ್ಮ ವೈರಿ ತಲೆಯ ಮೇಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಬೆಳಗ್ಗೆಯಿಂದಲೇ ಕಾಯಲು ಶುರುವಾಗುವ ನಾಲ್ಕೈದು ಇಂಚಿನ ಸ್ಲ್ಯಾಬು ಸಂಜೆಯ ಹೊತ್ತಿಗೆ ಅಡಿಮೈಯಲ್ಲೂ ಕಾದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಫ್ಯಾನು ಅದನ್ನೇ ಕೆಳಕ್ಕೆ ತಳ್ಳುತ್ತದೆ. ರಾತ್ರಿ ಹನ್ನೊಂದಕ್ಕೆ ಗೋಡೆಗಿಂತ ಛತ್ತು ಬಿಸಿ.

ನಮ್ಮಪ್ಪನ ಕಾಲದ ಮಾಳಿಗೆ ಮನೆಯಲ್ಲಿ ಹೀಗಿರಲಿಲ್ಲ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೀಳು, ತೊಗರಿ ಕಟಿಗೆ, ಅದರ ಮೇಲೆ ಒಂದೂವರೆ ಅಡಿ ಮಣ್ಣು. ಮಧ್ಯಾಹ್ನದ ಬಿಸಿ ಆ ಮಣ್ಣು ದಾಟುವಷ್ಟರಲ್ಲಿ ಬೆಳಗಾಗುತ್ತಿತ್ತು. ಬೆಳಕಿಂಡಿಯಿಂದ ಒಂದು ಬೆಳಕಿನ ಕೋಲು ಇಳಿದಿರುತ್ತಿತ್ತು, ಉಳಿದದ್ದೆಲ್ಲ ತಂಪು ನೆರಳು. ಈಗ ಪೇಟೆಯ ಮಂದಿ ಮಣ್ಣಿನ ಮನೆಯನ್ನು ಹೊಗಳುತ್ತಾರೆ. ನಾನೂ ಹೊಗಳುತ್ತೇನೆ, ಆದರೆ ಒಂದು ತೂಕದ ಲೆಕ್ಕ ಇಟ್ಟುಕೊಂಡು. ಒಂದೂವರೆ ಅಡಿ ಮಣ್ಣು ಎಂದರೆ ಚದರ ಮೀಟರಿಗೆ 700 ಕಿಲೋ ದಾಟುತ್ತದೆ. ಹತ್ತಡಿ ಹನ್ನೆರಡಡಿಯ ಒಂದು ಕೋಣೆಯ ಮೇಲೆ ಸುಮಾರು ಎಂಟು ಟನ್. ವರ್ಷವರ್ಷ ಮಳೆಗಾಲದ ಮುಂಚೆ ಸೋರದಿರಲೆಂದು ಮತ್ತೊಂದು ಪದರ ಮಣ್ಣು ಹಾಕುತ್ತಿದ್ದರು, ಹಳೆಯದನ್ನು ಇಳಿಸುವವರು ಕಡಿಮೆ.

1993ರ ಸೆಪ್ಟೆಂಬರ್ 30ರಂದು ಇನ್ನೂ ನಸುಕಾಗುವ ಮೊದಲು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಆ ಲೆಕ್ಕ ಏನೆಂದು ಗೊತ್ತಾಯಿತು. ಆಳಂದ ದಾಟಿ ಗಡಿಯಾಚೆ ಹೋದರೆ ಉಮರ್ಗಾ, ಅಲ್ಲಿಂದ ಕಿಲ್ಲಾರಿ ದೂರವಿಲ್ಲ. ಗಣಪತಿ ಕಳಿಸಿ ಬಂದು ಮಲಗಿದ್ದ ಸಾವಿರಾರು ಜನ, ಮಣ್ಣಿನ ಗಾರೆಯ ದಪ್ಪ ಕಲ್ಲು ಗೋಡೆ ಮತ್ತು ಮಣ್ಣಿನ ಮಾಳಿಗೆಯ ಕೆಳಗೆ ಸತ್ತರು. ಕಲಬುರಗಿಯಲ್ಲೂ ಪಾತ್ರೆಗಳು ಸದ್ದು ಮಾಡಿ ನಾವೆಲ್ಲ ಬೀದಿಗೆ ಓಡಿ ಬಂದೆವು. ಅದಾದ ಮೇಲೆ ಎಷ್ಟೋ ದಿನ ನಮ್ಮವ್ವ ಒಳಗೆ ಮಲಗಲಿಲ್ಲ. ನಮ್ಮೂರಲ್ಲಿ ಮಾಳಿಗೆಯ ಮಣ್ಣು ಇಳಿಸಿ ತಗಡಿನ ಪತ್ರಾಸು ಹಾಕಿಸಿದವರು, ಸಾಲ ಮಾಡಿ ಸ್ಲ್ಯಾಬು ಹಾಕಿಸಿದವರು ಆಗಿನಿಂದ ಹೆಚ್ಚಾದರು. ಜೀವ ಉಳಿಸಿಕೊಳ್ಳಲು ತಂಪು ಕಳೆದುಕೊಂಡರು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಮಣ್ಣಿನ ಮನೆಯ ಹಂಬಲದ ಲೇಖನಗಳಲ್ಲಿ ಈ ಬೆಳಗಿನ ಜಾವದ ಸುದ್ದಿ ಬರುವುದೇ ಇಲ್ಲ ಎಂಬುದು ನನ್ನ ತಕರಾರು.

ಫೋಮ್ ನನಗೆ ಮುಖ್ಯವೆನಿಸುವುದು ಇಲ್ಲಿ. ಛತ್ತಿಗೆ ಹೊಡೆಯುವ ಗಟ್ಟಿ ಜಾತಿಯ ಫೋಮ್ ಘನ ಮೀಟರಿಗೆ 40 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಎರಡು ಇಂಚು ಹೊಡೆದರೆ ಚದರ ಮೀಟರಿಗೆ 2 ಕಿಲೋ. ಅದೇ ಹತ್ತಡಿ ಹನ್ನೆರಡಡಿ ಕೋಣೆಗೆ ಇಪ್ಪತ್ತೆರಡು, ಇಪ್ಪತ್ಮೂರು ಕಿಲೋ, ಅರ್ಧ ಚೀಲ ಸಿಮೆಂಟಿಗಿಂತ ಕಡಿಮೆ. ಶಾಖ ದಾಟದಂತೆ ತಡೆಯುವುದರಲ್ಲಿ ಆ ಎರಡು ಇಂಚು ಹೆಚ್ಚುಕಡಿಮೆ 3 ಮೀಟರ್ ದಪ್ಪ ಕಾಂಕ್ರೀಟಿಗೆ ಸಮ. ಅದರೊಳಗಿನ ಕಣ್ಣಿಗೆ ಕಾಣದ ಮುಚ್ಚಿದ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಅನಿಲವೇ ಈ ಕೆಲಸ ಮಾಡುವುದು. 1937ರಲ್ಲಿ ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬೇಯರ್ ಎಂಬ ರಸಾಯನ ವಿಜ್ಞಾನಿ ಈ ಫೋಮಿನ ಮೂಲವಸ್ತುವಾದ ಪಾಲಿಯುರೆಥೇನ್ ಕಂಡುಹಿಡಿದ. ಮುಂದೆ ಅದನ್ನು ಉಬ್ಬಿಸಲು ಬಳಸಿದ ಅನಿಲಗಳು ಓಜೋನ್ ಪದರ ತಿನ್ನುತ್ತವೆ ಎಂದು ಗೊತ್ತಾಗಿ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಒಂದೊಂದಾಗಿ ಹೋದವು. ನಮ್ಮ ದೇಶ ಫೋಮಿಗೆ ಬಳಸುತ್ತಿದ್ದ ಎಚ್.ಸಿ.ಎಫ್.ಸಿ.-141ಬಿ ಎಂಬ ಅಂಥ ಅನಿಲವನ್ನು 2020ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ಈಗ ಕಾಂಟ್ರಾಕ್ಟರನಿಗೆ ಯಾವುದರಿಂದ ಉಬ್ಬಿಸುತ್ತೀ ಎಂದು ಕೇಳಿದರೆ ಮುಖ ಮುಖ ನೋಡುತ್ತಾನೆ. ಆದರೂ ಕೇಳುತ್ತೇನೆ.

ಅಂಗಡಿಯವನು ತನ್ನ ಮಾಲಿನ ವಿರುದ್ಧ ಮಾತಾಡಬಾರದು. ಆದರೂ ಹೇಳುತ್ತೇನೆ: ಹೆಚ್ಚಿನವರಿಗೆ ಫೋಮಿನ ಅಗತ್ಯವಿಲ್ಲ. ಒಂದಂತಸ್ತಿನ ಮನೆ, ಕೈಯಲ್ಲಿ ರೊಕ್ಕ ಕಡಿಮೆ ಇದ್ದರೆ ಮೊದಲು ಸುಣ್ಣ. ಸುಣ್ಣಕ್ಕೆ ಅಂಟು ಬೆರೆಸಿ ಮಾರ್ಚಿನಲ್ಲಿ ಎರಡು ಕೈ ಬಳಿದರೆ ಬಿಸಿಲಿನ ದೊಡ್ಡ ಪಾಲು ಹಾಗೇ ವಾಪಸು ಹೋಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕಾಗಿಯೇ ತಂಪು ಛಾವಣಿಯ ನೀತಿ ತಂದಿತು. ಇದರ ಕೊರತೆ ಒಂದೇ, ಎರೆಯ ಧೂಳು. ವಾಡಿ, ಮಳಖೇಡದ ಕಡೆಯಾದರೆ ಮೇಲೆ ಸಿಮೆಂಟಿನ ಬೂದಿಯೂ ಸೇರಿ, ಮುಂದಿನ ಯುಗಾದಿ ಹೊತ್ತಿಗೆ ಬಿಳಿ ಹೋಗಿ ಬೂದು ಬಣ್ಣ. ಮತ್ತೆ ಬಳಿಯಬೇಕು. ಬಿಳಿ ಟೈಲ್ಸ್ ಚೂರು ಕೂಡಿಸಿದರೆ ತೊಳೆದು ಬಳಸಬಹುದು. ಪತ್ರಾಸಿನ ಮನೆಯವರ ಕಥೆ ಬೇರೆ. ಅಲ್ಲಿ ತಗಡಿಗೂ ಕೆಳಗಿರುವವರಿಗೂ ನಡುವೆ ಏನೂ ಇಲ್ಲ. ಅಂಥ ಕಡೆ ಫೋಮ್ ಮಾಡುವಷ್ಟು ಉಪಕಾರ ಬಣ್ಣ ಮಾಡುವುದಿಲ್ಲ. ಆದರೆ ತಗಡಿನ ಅಡಿಮೈಗೆ ಹೊಡೆದು ಬರಿದೇ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಫೋಮ್ ಉರಿಯುತ್ತದೆ, ಉರಿದರೆ ವಿಷದ ಹೊಗೆ ಕಾರುತ್ತದೆ. ಕೆಳಗೆ ಒಲೆ ಉರಿಯುವ ಮನೆಯಲ್ಲಿ ಜಿಪ್ಸಮ್ ಹಲಗೆಯದೋ ಇನ್ನಾವುದರದೋ ಮರೆ ಇಲ್ಲದೆ ಅದು ಇರಕೂಡದು. ಅಮೆರಿಕದಲ್ಲೂ ಮನುಷ್ಯರು ವಾಸಿಸುವ ಕೋಣೆಯಲ್ಲಿ ಬರಿ ಫೋಮ್ ಬಿಡಲು ನಿಯಮ ಒಪ್ಪುವುದಿಲ್ಲ.

ಸ್ಲ್ಯಾಬಿನ ಮನೆಗೆ ಹೊಡೆಯುವುದಾದರೆ ಮೇಲ್ಮೈಗೆ. ಒಳಗಡೆ ಹೊಡೆದರೆ ಬಿಸಿ ಕೆಳಗೆ ಬರುವುದು ಕಡಿಮೆಯಾಗುತ್ತದೆ, ಸರಿ. ಆದರೆ ಸ್ಲ್ಯಾಬು ಪಾಪ ಹಗಲು ಕಾದು ರಾತ್ರಿ ತಣಿದು ಬಿರುಕು ಬಿಡುವುದು ನಿಲ್ಲುವುದಿಲ್ಲ, ಸೋರಿದ ನೀರು ಕಾಣುವುದಿಲ್ಲ. ಮೇಲೆ ಹೊಡೆದರೆ ಸ್ಲ್ಯಾಬೇ ನೆರಳಿನಲ್ಲಿ ಇದ್ದಂತೆ. ಮನೆಗಳಿಗಾಗಿ 2018ರಲ್ಲಿ ಕೇಂದ್ರ ತಂದ ಇಕೋ ನಿವಾಸ್ ಸಂಹಿತೆ, ಛಾವಣಿಯ ಶಾಖ ದಾಟುವ ಅಳತೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.2 ವ್ಯಾಟ್ ಮೀರಬಾರದು ಎನ್ನುತ್ತದೆ. ಬರಿ ಸ್ಲ್ಯಾಬು ಅದಕ್ಕೆ ಎರಡು ಪಟ್ಟಿಗೂ ಮೇಲೆ. ಎರಡು ಇಂಚು ಫೋಮ್ ಬಿದ್ದರೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ನನ್ನದೇ ಮನೆಯ ಛತ್ತಿಗೆ ಹೊಡೆಸುವ ಮಾತು ಬಂದಾಗ ಮೊದಲ ಅಡ್ಡಗಾಲು ಹೆಂಡತಿಯದು. "ಹ್ವಾದ್ರಿ, ಸಂಡಗಿ ಎಲ್ಲಿ ಒಣಗಸ್ಲಿ ನಾ? ಶ್ಯಾವಗಿ? ಮೆಣಸಿನಕಾಯಿ?" ಅವಳ ಪ್ರಶ್ನೆಗೆ ಯಾವ ಕಂಪನಿಯ ಪುಸ್ತಿಕೆಯಲ್ಲೂ ಉತ್ತರವಿಲ್ಲ. ಅಮೆರಿಕದವರ ಫೋಮ್ ಇರುವುದು ಯಾರೂ ತುಳಿಯದ ಕತ್ತಲೆಯಲ್ಲಿ. ನಮ್ಮ ಛತ್ತು ಅಂದರೆ ಹಪ್ಪಳ ಸಂಡಿಗೆಯ ಅಂಗಳ, ಬಟ್ಟೆ ಒಣಗುವ ಜಾಗ, ನೀರಿನ ಟಾಕಿಯ ಕಟ್ಟೆ, ಮಂಗಗಳ ಹೆದ್ದಾರಿ. ಕರೆಂಟು ಹೋದ ರಾತ್ರಿ ಚಾಪೆ, ತಲೆದಿಂಬು, ತಂಬಿಗೆ ನೀರು ಹಿಡಿದು ಮೇಲೆ ಹೋಗುತ್ತೇವೆ, ಕುಂಬಿಯ ಆಚೆಯ ಮನೆಯವರ ಜೊತೆ ಮಾತು ಹನ್ನೆರಡರವರೆಗೆ ನಡೆಯುತ್ತದೆ. ಬರಿ ಫೋಮಿನ ಮೇಲೆ ಇದೊಂದೂ ಆಗುವುದಿಲ್ಲ. ಬಿಸಿಲು ತಾಗಿದ ಫೋಮ್ ಕೆಲವೇ ವಾರದಲ್ಲಿ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗಲು ಶುರುವಾಗುತ್ತದೆ, ಹಕ್ಕಿಗಳು ಕುಕ್ಕಿ ತೂತು ಮಾಡುತ್ತವೆ. ಮೇಲೆ ಬಿಸಿಲು ತಡೆಯುವ ಲೇಪ, ಅದರ ಮೇಲೆ ಕೋಳಿ ಜಾಳಿಗೆ ಹಾಸಿ ಎರಡು ಇಂಚು ಕಾಂಕ್ರೀಟು, ಅದರ ಮೇಲೆ ಬಿಳಿ ಟೈಲ್ಸ್ ಚೂರು. ಆಗ ತುಳಿಯಬಹುದು, ಸಂಡಿಗೆಯನ್ನೂ ಒಣಗಿಸಬಹುದು. ಖರ್ಚು ಫೋಮಿನದಕ್ಕಿಂತ ಮೇಲಿನ ಶೃಂಗಾರದ್ದೇ ಹೆಚ್ಚಾಗುವ ಹಾಗಿದೆ.

ಮಲಗುವ ಎರಡು ಕೋಣೆಗಳ ಮೇಲಿನ ಭಾಗಕ್ಕೆ ಮಾತ್ರ ಮಾಡಿಸುವುದು ಎಂದು ರಾಜಿಯಾಗಿದೆ. ಪಡಸಾಲೆಯ ಮೇಲಿನದು ಹಾಗೇ ಇರುತ್ತದೆ, ಅದಕ್ಕೆ ಸುಣ್ಣ. ಕೆಲಸ ದೀಪಾವಳಿ ಆದ ಮೇಲೆ. ಮಳೆಗಾಲದಲ್ಲಿ ಒದ್ದೆ ಸ್ಲ್ಯಾಬಿಗೆ ಫೋಮ್ ಕೂಡುವುದಿಲ್ಲ, ಬೇಸಿಗೆಯ ಗಾಳಿಗೆ ಸಿಡಿದ ಹನಿ ಪಕ್ಕದ ಮನೆಯ ಕಾರಿನ ಮೇಲೆ ಕೂತರೆ ಮತ್ತೆ ಜಗಳ. ಅದಕ್ಕೂ ಮೊದಲು ನೀರು ಹೋಗುವ ಕೊಳವೆಯ ಕಡೆ ಇಳಿಜಾರು ಸರಿಪಡಿಸಿ, ನಾಲ್ಕು ದಿನ ನೀರು ನಿಲ್ಲಿಸಿ ಸೋರಿಕೆ ನೋಡಬೇಕು.

ಹೈದರಾಬಾದಿನಿಂದ ಬರುವ ಕಾಂಟ್ರಾಕ್ಟರ್ ಒಂದು ಇಂಚು ಸಾಕು, ಎಲ್ಲರೂ ಅಷ್ಟೇ ಹೊಡೆಸುತ್ತಾರೆ ಎಂದ. ಎರಡು ಬೇಕು, ಅದೂ ಒಂದೇ ಸಲಕ್ಕೆ ಬೇಡ, ಒಂದು ಪದರ ತಣಿದ ಮೇಲೆ ಇನ್ನೊಂದು ಎಂದೆ. ಒಂದೇ ಏಟಿಗೆ ದಪ್ಪ ಹೊಡೆದರೆ ಒಳಗಿನ ಬಿಸಿಗೆ ಫೋಮ್ ಸುಟ್ಟು ಸೀಳುತ್ತದೆ, ಹೆಚ್ಚಾದರೆ ಹೊತ್ತಿಕೊಳ್ಳುವುದೂ ಉಂಟು. ಹುಡುಗರಿಗೆ ಸರಿಯಾದ ಮಾಸ್ಕು ಇಲ್ಲದಿದ್ದರೆ ಏಣಿ ಹತ್ತಿಸುವುದಿಲ್ಲ ಎಂದೆ. ಮುಗಿದ ಮೇಲೆ ಅಲ್ಲಲ್ಲಿ ಸೂಜಿ ಚುಚ್ಚಿ ದಪ್ಪ ಅಳೆಯುತ್ತೇನೆ, ಕಡಿಮೆ ಬಿದ್ದ ಕಡೆ ಪುಕ್ಕಟೆ ಮತ್ತೆ ಹೊಡೆಯಬೇಕು ಎಂದೆ. ಹಾರ್ಡ್‌ವೇರ್ ಅಂಗಡಿಯವರ ಜೊತೆ ವ್ಯವಹಾರ ಮಾಡಬಾರದು ಎಂದು ನಕ್ಕು, ಮಾಸ್ಕಿನ ಮಾತೊಂದು ಬಿಟ್ಟು ಉಳಿದದ್ದಕ್ಕೆಲ್ಲ ತಕ್ಷಣ ಹೂಂ ಅಂದ. ಅದಕ್ಕೆ ಮುಂಗಡ ಇನ್ನೂ ಕೊಟ್ಟಿಲ್ಲ.